ಎಚ್‌ಡಿಆರ್‌ನಲ್ಲಿ ಕತ್ತಲೆಗೂ ಜಾಗ ಬೇಕು

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ನಾನು ಕ್ಯಾಮೆರಾ ಹಿಡಿದು ಹೋಗುವುದೇ ಅದರ ಭುವನೇಶ್ವರಿಗಳಿಗಾಗಿ, ಅಂದರೆ ಕೆತ್ತನೆಯ ಛಾವಣಿಗಳಿಗಾಗಿ. 13ನೇ ಶತಮಾನದ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಬಾಳೆಮೊಗ್ಗನ್ನು ಛಾವಣಿಯಿಂದ ತೂಗುಬಿಟ್ಟಿದ್ದಾರೆ. ಒಂದೊಂದು ಅಂಕಣದಲ್ಲೂ ಕೆತ್ತನೆ ಬೇರೆ.

ಆದರೆ ಹಗಲು ಬೆಳಕು ಒಳಗೆ ಬರುವುದು ಬಾಗಿಲಿಂದ, ಜಾಲಂಧ್ರಗಳಿಂದ (ಕಲ್ಲಿನ ಜಾಲರಿ ಕಿಟಕಿಗಳಿಂದ) ಮಾತ್ರ. ಜಾಲಂಧ್ರ ಸರಿಯಾಗಿ ಕಾಣಲಿ ಅಂದರೆ ಛಾವಣಿ ಕಪ್ಪಾಗುತ್ತದೆ. ಛಾವಣಿ ಕಾಣಲಿ ಅಂದರೆ ಜಾಲಂಧ್ರ ಬರೀ ಬಿಳಿ ತೇಪೆ. ಅದಕ್ಕೇ ಎಚ್‌ಡಿಆರ್: ಒಂದೇ ನೋಟವನ್ನು ಕಡಿಮೆ, ಹೆಚ್ಚು ಬೆಳಕಿನಲ್ಲಿ ಹಲವು ಫ್ರೇಮುಗಳಾಗಿ ತೆಗೆದು, ಸೇರಿಸಿ ಒಂದೇ ಚಿತ್ರ ಮಾಡುವುದು.

ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅದಿಲ್ಲದಾಗ ನನಗೆ ನೆಲವೇ ಟ್ರೈಪಾಡ್. ಕ್ಯಾಮೆರಾವನ್ನು ಬ್ಯಾಗಿಗೆ ಒರಗಿಸಿ, ಕಡೆದ ಕಂಬ, ಜಾಲಂಧ್ರ, ಛಾವಣಿ ಮೂರೂ ಬರುವಂತೆ ಮೇಲಕ್ಕೆ ತಿರುಗಿಸುತ್ತೇನೆ. ಐಎಸ್‌ಒ 100, ಅಪರ್ಚರ್ ಎಫ್8, ಫೋಕಸ್ ಮ್ಯಾನ್ಯುಯಲ್, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). 2 ಸೆಕೆಂಡ್ ಟೈಮರ್ ಇಟ್ಟು ಕೈ ತೆಗೆದುಬಿಡುತ್ತೇನೆ. ಶಟರ್ ತೆರೆದಿರುವ ಸಮಯ ಮಾತ್ರ ಬದಲಾಗುತ್ತದೆ: 1/30, 1/8, 1/2, 2, 8 ಸೆಕೆಂಡ್. ಪ್ರತಿ ಫ್ರೇಮಿಗೂ ಹಿಂದಿನದಕ್ಕಿಂತ ನಾಲ್ಕು ಪಟ್ಟು ಬೆಳಕು. ಯಾರಾದರೂ ಅಡ್ಡ ಬಂದರೆ ಕಾಯುತ್ತೇನೆ. ಇಲ್ಲದಿದ್ದರೆ ಫ್ರೇಮುಗಳನ್ನು ಸೇರಿಸಿದಾಗ ಅವರು ಅರ್ಧಂಬರ್ಧ ಉಳಿದುಬಿಡುತ್ತಾರೆ.

ಸೇರಿಸುವ ಕೆಲಸ ಈಗ ಲೈಟ್‌ರೂಮ್ ಎಂಬ ಫೋಟೊ ಸಾಫ್ಟ್‌ವೇರ್‌ಗೆ ಸುಲಭ. 1850ರ ದಶಕದಲ್ಲೇ ಫ್ರಾನ್ಸ್‌ನ ಗುಸ್ತಾವ್ ಲ ಗ್ರೇ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರ ಮಾಡಿದ್ದರು. ಈ ಆಸೆ ಅಷ್ಟು ಹಳೆಯದು!

ನಿಜವಾದ ಕೆಲಸ ಶುರುವಾಗುವುದು ಟೋನ್ ಮ್ಯಾಪಿಂಗ್‌ನಲ್ಲಿ, ಅಂದರೆ ಸೇರಿಸಿದ ಚಿತ್ರದ ಬೆಳಕು-ನೆರಳನ್ನು ಪರದೆಗೆ, ಕಾಗದಕ್ಕೆ ಹಿಡಿಸುವಂತೆ ಹೊಂದಿಸುವುದರಲ್ಲಿ. ಸ್ಲೈಡರ್ ಜಾಸ್ತಿ ಎಳೆದರೆ ಕಂಬದ ಸುತ್ತ ಬೆಳ್ಳನೆಯ ಅಂಚು ಏಳುತ್ತದೆ. ಕಲ್ಲು ಪ್ಲಾಸ್ಟಿಕ್ ಥರ ಆಗುತ್ತದೆ. ಅಷ್ಟು ನಯವಾಗಿ ಕಡೆದ ಕಂಬದ ಹೊಳಪನ್ನು ಹಾಗೆ ಹಾಳು ಮಾಡಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಇಡೀ ಚಿತ್ರವನ್ನು ಒಟ್ಟಿಗೆ ಮುಟ್ಟುವುದಿಲ್ಲ. ಜಾಲಂಧ್ರದ ಬೆಳಕನ್ನು ಮಾಸ್ಕ್ ಹಾಕಿ (ಆ ಭಾಗವನ್ನಷ್ಟೇ ಆರಿಸಿ) ತಗ್ಗಿಸುತ್ತೇನೆ. ಬಾಳೆಮೊಗ್ಗಿನ ಎಸಳುಗಳ ಅಂಚಿಗೆ ಮಾತ್ರ ಒಂಚೂರು ಬೆಳಕು ಕೊಡುತ್ತೇನೆ, ಎಸಳುಗಳ ನಡುವಿನ ಸಂದು ಕಪ್ಪಾಗಿಯೇ ಇರಲಿ. ಆ ಕಪ್ಪು ಇದ್ದರೇ ಮೊಗ್ಗು ಕೆಳಗೆ ಇಳಿದು ಬಂದಂತೆ ಕಾಣುವುದು.

ಗರ್ಭಗುಡಿಯ ಕಡೆಯ ಬೆಳಕನ್ನಂತೂ ಎತ್ತುವುದೇ ಇಲ್ಲ. ಫೈಲ್‌ನಲ್ಲಿ ವಿವರ ಇದೆ, ಎತ್ತಿದರೆ ಗೋಡೆಯ ಕಲೆಗಳೂ ಕಾಣುತ್ತವೆ. ಆದರೆ ಬಿಸಿಲಿಂದ ಒಳಗೆ ಹೋದವರ ಕಣ್ಣು ಆ ಕತ್ತಲೆಗೆ ನಿಧಾನವಾಗಿ ಹೊಂದಿಕೊಳ್ಳುತ್ತೆ ಅಲ್ವಾ? ಆ ನಿಧಾನ ನನಗೆ ಫೋಟೊದಲ್ಲೂ ಬೇಕು.

ಮ್ಯಾಟ್ ಪೇಪರ್ ಮೇಲೆ ಈ ನೆರಳು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪ್ರಿಂಟಿಗೆ ಬೇರೆ ಫೈಲ್ ಮಾಡಿ ನೆರಳನ್ನು ಸ್ವಲ್ಪ ತಿಳಿಯಾಗಿಸುತ್ತೇನೆ. ಗರ್ಭಗುಡಿಯ ಭಾಗದ ಸಣ್ಣ ತುಂಡೊಂದನ್ನು ಮೊದಲು ಪ್ರಿಂಟ್ ಮಾಡಿಸಿ, ಹಗಲು ಬೆಳಕಲ್ಲಿ ನೋಡಿದ ಮೇಲೆಯೇ ದೊಡ್ಡದು ಹಾಕಿಸುತ್ತೇನೆ.