ಬಾಡಿದ ಪೆಟೂನಿಯಾಗೆ ನೀರು ಹಾಕಿ ಹಾಕಿ ಕೆಡಿಸಿದೆ

ಗಿಡ ಬಾಡಿದರೆ ನೀರು ಹಾಕಬೇಕು. ನನಗೆ ಗೊತ್ತಿದ್ದದ್ದು ಅಷ್ಟೇ. ಐದು ಕುಂಡದಲ್ಲಿ ಪೆಟೂನಿಯಾ ಹೂಗಿಡ ಇಟ್ಟಿದ್ದೆ. ಒಂದು ಮಧ್ಯಾಹ್ನ ಎರಡು ಕುಂಡದ ಗಿಡಗಳು ಜೋತುಬಿದ್ದಿದ್ದವು. ಒಂದೊಂದು ಚೊಂಬು ನೀರು ಸುರಿದೆ. ಸಂಜೆಗೆ ನೆಟ್ಟಗಾದವು. ನೀರಿನಿಂದಲೇ ಸರಿಹೋಯಿತು ಅಂದುಕೊಂಡು ದಿನಾ ಅದೇ ಮಾಡಿದೆ. ನಿಜ ಹೇಳಬೇಕೆಂದರೆ ಬಿಸಿಲು ಇಳಿದದ್ದಕ್ಕೆ ಅವು ಎದ್ದಿದ್ದವು.

ವಾರ ಕಳೆಯುವಷ್ಟರಲ್ಲಿ ಬೆಳಿಗ್ಗೆ ಏಳು ಗಂಟೆಗೇ ಬಾಡಿರುತ್ತಿದ್ದವು. ಕೆಳಗಿನ ಎಲೆಗಳು ಹಳದಿ. ಕುಂಡ ಎತ್ತಿದರೆ ಕಲ್ಲಿನಂತೆ ಭಾರ. ಬೆರಳನ್ನು ಎರಡು ಗೆಣ್ಣು ಇಳಿಸಿದೆ, ಕೆಸರು ಮೆತ್ತಿಕೊಂಡಿತು. ಮಣ್ಣು ಇಷ್ಟು ಒದ್ದೆ ಇದ್ದೂ ಗಿಡ ಬಾಡುತ್ತಿದೆ ಎಂದರೆ ಬೇರನ್ನೇ ನೋಡಬೇಕು.

ಕುಂಡ ಬೋರಲು ಹಾಕಿ ಗಿಡ ಹೊರಗೆ ತೆಗೆದೆ. ಮೊದಲನೆಯದರ ಬೇರೆಲ್ಲ ಕಂದು. ಮೆಲ್ಲಗೆ ಎಳೆದರೆ ಸಿಪ್ಪೆ ಕಳಚಿ ಬೆರಳಿಗೆ ಬಂತು, ಒಳಗಿನ ದಾರದಂಥ ನಾರು ಮಾತ್ರ ಉಳಿಯಿತು. ಕೊಳೆತ ವಾಸನೆ ಬೇರೆ. ಕುಂಡದ ತೂತು ಮಣ್ಣಿನಿಂದ ಕಟ್ಟಿತ್ತು, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು. ಬೇರಿಗೂ ಗಾಳಿ ಬೇಕು. ಅದಿಲ್ಲದೆ ಬೇರು ಕೊಳೆತರೆ ನೀರು ಹೀರುವವರು ಯಾರು? ಪಾಪ, ನೀರಲ್ಲೇ ನಿಂತು ಬಾಯಾರಿತ್ತು. ಆ ಗಿಡವನ್ನು ಮಣ್ಣಿನ ಸಮೇತ ಎಸೆದೆ. ಕೊಳೆತ ಗಿಡದ ಮಣ್ಣನ್ನು ಇನ್ನೊಂದಕ್ಕೆ ಹಾಕಬೇಡಿ, ರೋಗವೂ ಜೊತೆಗೆ ಹೋಗುತ್ತದೆ.

ಎರಡನೆಯದರಲ್ಲಿ ಅರ್ಧದಷ್ಟು ಬಿಳಿ ಬೇರು ಇತ್ತು. ಕಂದು ಬೇರನ್ನೆಲ್ಲ ಕತ್ತರಿಸಿ, ಕೋಕೋಪಿಟ್ (ತೆಂಗಿನ ನಾರಿನ ಪುಡಿ), ಎರೆಹುಳು ಗೊಬ್ಬರ, ದಪ್ಪ ಮರಳು ಬೆರೆಸಿದ ಹೊಸ ಮಣ್ಣಲ್ಲಿ ನೆಟ್ಟೆ. ಆಮೇಲೆ ಕಷ್ಟದ ಕೆಲಸ. ಮೇಲಿನ ಕುಡಿಗಳನ್ನೂ ಅರ್ಧಕ್ಕೆ ಕತ್ತರಿಸಬೇಕು. ಮೊಗ್ಗು ತುಂಬಿದ ಕುಡಿಗೆ ಕತ್ತರಿ ಇಡೋಕೆ ಮನಸ್ಸು ಬರಲ್ಲ, ಅಲ್ವಾ? ಆದರೆ ಉಳಿದಿರುವ ಅಷ್ಟು ಬೇರು ಅಷ್ಟೆಲ್ಲ ಎಲೆ, ಹೂವನ್ನು ಸಾಕಲಾರದು. ಐದು ದಿನ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ತಂದೆ. ಗೊಬ್ಬರದ ನೀರು ಮಾತ್ರ ಚಿಗುರು ಕಾಣುವವರೆಗೆ ಹಾಕಲಿಲ್ಲ. ಹನ್ನೆರಡನೇ ದಿನ ಎಲೆಯ ಬುಡದಲ್ಲಿ ಹಸಿರು ಚುಕ್ಕೆಯಂಥ ಚಿಗುರು ಕಂಡಿತು. ಹೂವಿಗೆ ತಿಂಗಳಾಯಿತು.

ಇಷ್ಟಾದ ಮೇಲೆ ನೀರು ಹಾಕೋಕೇ ಹೆದರಿ ಇನ್ನೊಂದು ಕುಂಡವನ್ನು ಒಣಗಿಸಿಬಿಟ್ಟೆ! ಎತ್ತಿದರೆ ಹಗುರ. ಒಣಗಿದ ಮಣ್ಣು ಕುಗ್ಗಿ ಅಂಚು ಬಿಟ್ಟಿತ್ತು. ಮೇಲಿಂದ ಹಾಕಿದ ನೀರು ಆ ಸಂದಿಯಲ್ಲೇ ಇಳಿದು ಸೀದಾ ಕೆಳಗೆ ಹೋಯಿತು. ಅದನ್ನು ಅರ್ಧ ಗಂಟೆ ನೀರಿನ ಬಕೆಟ್‌ನಲ್ಲಿ ಕೂರಿಸಿ, ಸೋರಲು ಬಿಟ್ಟೆ. ಸಂಜೆಯೊಳಗೆ ಎದ್ದು ನಿಂತಿತು.

ಈಗ ತಟ್ಟೆಗಳನ್ನು ತೆಗೆದುಬಿಟ್ಟಿದ್ದೇನೆ. ಮಧ್ಯಾಹ್ನ ಬಾಡಿದರೆ ಸುಮ್ನೆ ಬಿಡುತ್ತೇನೆ. ಬೆಳಿಗ್ಗೆಯೂ ಬಾಡಿದ್ದರೆ ಚೊಂಬು ಹುಡುಕುವ ಮೊದಲು ಕುಂಡ ಎತ್ತಿ ನೋಡುತ್ತೇನೆ.