ಬಿಗಿತ ಅಂದುಕೊಂಡು ಎಳೆದೆ, ಒಳಗೆ ಎಲುಬು ಬೆಳೆಯುತ್ತಿತ್ತು

ಬದಿಯಡ್ಕದ ಆಸುಪಾಸು ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವನು ನಾನು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡಲು ಹತ್ತಿ ಜಾರಿ ಬಿದ್ದು ತಲೆಗೆ ಪೆಟ್ಟಾದ ಒಬ್ಬ ಹುಡುಗ ಇದ್ದ. ಎರಡು ವಾರ ಎಚ್ಚರವೇ ಇರಲಿಲ್ಲ. ಮನೆಗೆ ಬಂದಾಗ ಬಲಗೈ ಬಿಗಿ. ಮಿದುಳಿಗೆ ಪೆಟ್ಟಾದ ಮೇಲೆ ಸ್ನಾಯು ಬಿಗಿಯುವುದು ಮಾಮೂಲಿ ಅಲ್ವಾ, ದಿನಾ ಎಳೆದು ಮಡಚಿಸುತ್ತಿದ್ದೆ.

ಆರನೇ ವಾರ ಅವನಮ್ಮ, "ಮೆಲ್ಲ ಮಾಡಿ ಮಾರಾಯ್ರೇ, ಮೊಣಕೈ ಸುಡ್ತಾ ಉಂಟು" ಅಂದರು. ಎಣ್ಣೆ ತಿಕ್ಕಿದ್ದಕ್ಕೆ ಬಿಸಿ ಅಂತ ನಾನು ಸುಮ್ನೆ ತಳ್ಳಿಹಾಕಿದೆ. ಹತ್ತೇ ದಿನದಲ್ಲಿ 110 ಡಿಗ್ರಿ ಮಡಚುತ್ತಿದ್ದ ಕೈ 80ಕ್ಕೆ ಇಳಿಯಿತು. ಬಿಗಿದ ಸ್ನಾಯುವನ್ನು ನಿಧಾನ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಸಡಿಲ ಬಿಡುತ್ತದೆ. ಇಲ್ಲಿ ಹಾಗಲ್ಲ, ಬಾಗಿಲಿಗೆ ಕಲ್ಲು ಅಡ್ಡ ಇಟ್ಟ ಹಾಗೆ ಟಕ್ಕಂತ ನಿಂತಿತು. ನನ್ನ ಕೈಗೇ ಗೊತ್ತಾಯಿತು, ಇದು ಬೇರೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್, ಅಂದರೆ ಎಲುಬು ಬೆಳೆಯುವಾಗ ಏರುವ ಒಂದು ಕಿಣ್ವ, ಮಾತ್ರ ಜಾಸ್ತಿ. ಹೊಸ ಎಲುಬು ಬೆಳೆಯುತ್ತಿದ್ದರೂ ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದಿಲ್ಲ, ಮೂರು ವಾರ ಬಿಟ್ಟು ಬನ್ನಿ ಅಂದರು ಎಲುಬಿನ ಡಾಕ್ಟ್ರು. ಹೋದಾಗ ಮೊಣಕೈ ಹಿಂದೆ ಹತ್ತಿಯಂಥ ಬಿಳಿ ನೆರಳು. ಹೆಟೆರೊಟೋಪಿಕ್ ಆಸಿಫಿಕೇಶನ್, ಅಂದರೆ ಸ್ನಾಯುಗಳ ನಡುವೆ, ಇರಬಾರದ ಕಡೆ ಎಲುಬು. ತಲೆಪೆಟ್ಟಿನವರಿಗೆ ಸೊಂಟದ ಕೀಲಿನಲ್ಲಿ ಇದು ಜಾಸ್ತಿ, ಮೊಣಕೈ, ಭುಜ, ಮೊಣಕಾಲಿಗೂ ಬರುತ್ತದೆ. ಸೊಂಟದಲ್ಲಾದರೆ ಕಾಲು ಊದಿ, ರಕ್ತ ಹೆಪ್ಪುಗಟ್ಟಿದ ಹಾಗೇ ಕಾಣುತ್ತದೆ, ಆಗ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸದೆ ಮುಟ್ಟಬೇಡಿ.

ನಾನು ಎಳೆದದ್ದರಿಂದಲೇ ಬೆಳೆಯಿತು ಅಂತ ಯಾರೂ ಹೇಳಲಿಲ್ಲ. ಆದರೂ ಆ ಹತ್ತು ದಿನ ನೆನಪಾದರೆ ಈಗಲೂ ಕಸಿವಿಸಿ. ಜೋರು ಎಳೆತ ಅವತ್ತೇ ನಿಲ್ಲಿಸಿದೆ. ಹಾಗಂತ ಕೈಯನ್ನು ಹಾಗೇ ಬಿಡಲಿಲ್ಲ, ನೋವಿಲ್ಲದಷ್ಟು ದೂರಕ್ಕೆ ಮೆಲ್ಲಗೆ, ದಿನಕ್ಕೆ ನಾಲ್ಕೈದು ಸಲ. ಡಾಕ್ಟ್ರು ಇಂಡೋಮೆಥಾಸಿನ್ ಅನ್ನುವ ಉರಿಯೂತದ ಮಾತ್ರೆ ಬರೆದರು. ಹೋದಾಗಲೆಲ್ಲ ಕಿರುಬೆರಳು ಜೋಮು ಹಿಡಿದಿದೆಯಾ ಕೇಳುತ್ತಿದ್ದೆ, ಮೊಣಕೈ ಹಿಂದೆ ಹಾಯುವ ನರವನ್ನು ಆ ಎಲುಬು ಒತ್ತಬಹುದು.

ಎಲುಬು ಬೆಳೆದು ನಿಂತ ಮೇಲೆ, ಒಂದು ವರ್ಷ ದಾಟಿ ಆಪರೇಷನ್ ಆಯಿತು. ಈಗ 120 ಡಿಗ್ರಿ. ಗಂಜಿಯ ಚಮಚ ಬಾಯಿಗೆ ಮುಟ್ಟುತ್ತದೆ. ಅಂಗಿಯ ಮೇಲಿನ ಗುಂಡಿಗೆ ಮಾತ್ರ ಇನ್ನೂ ಅಮ್ಮನೇ ಬೇಕು.