ಗೋಧಿ ಬಿಟ್ಟವರ ಅಡುಗೆಮನೆ: ಅಂಬಲಿ, ರೊಟ್ಟಿ, ಬಸ್ಸಾರು

‘ಇನ್ನು ಮೇಲೆ ಗೋಧಿ ಮುಟ್ಟಬೇಡಿ’ ಎಂದು ವೈದ್ಯರು ಹೇಳಿದ ಕೂಡಲೇ ಎಷ್ಟೋ ಮನೆಯವರು ಸೂಪರ್‌ ಮಾರ್ಕೆಟ್ಟಿಗೆ ಓಡುತ್ತಾರೆ. ಗ್ಲುಟೆನ್‌ರಹಿತ ಎಂದು ಬರೆದ ಬ್ರೆಡ್ಡು, ಬಿಸ್ಕತ್ತಿನ ಬೆಲೆ ನೋಡಿ ಕಂಗಾಲಾಗುತ್ತಾರೆ. ಗ್ಲುಟೆನ್‌ ಅಂದರೆ ಗೋಧಿಯಂಥ ಕೆಲವು ಧಾನ್ಯಗಳಲ್ಲಿರುವ ಪ್ರೋಟೀನು. ಅದು ಹೊಟ್ಟೆಗೆ ಹೋದರೆ ಕರುಳು ಕೆಡುವುದೇ ಸೀಲಿಯಾಕ್‌ ಕಾಯಿಲೆ. ಸೀಲಿಯಾಕ್‌ ಕಾಯಿಲೆಯವರಿಗೆ ಗೋಧಿ ಬಿಡುವುದು ಜೀವಮಾನದ ಪಥ್ಯ. ಹಾಗಾಗಿ ತಿಂಗಳ ಸಾಮಾನಿನ ಚೀಟಿಗೆ ಹೊಂದುವಂತೆಯೇ ಅದು ನಡೆಯಬೇಕು. ರಾಗಿ, ಜೋಳ, ಅಕ್ಕಿ, ಬೇಳೆಕಾಳು, ಮಜ್ಜಿಗೆ ಯಾವುದರಲ್ಲೂ ಗ್ಲುಟೆನ್‌ ಇಲ್ಲ. ನವಣೆ, ಸಾಮೆಯಲ್ಲೂ ಇಲ್ಲ. ಆದರೆ ಈಗ ಅವು ದುಬಾರಿ, ಕೊಳ್ಳಲೇಬೇಕೆಂದೇನೂ ಇಲ್ಲ. ನಮ್ಮ ಹಳೆಯ ಊಟವೇ ಸಾಕು. ಎಚ್ಚರ ಇರಬೇಕಾದದ್ದು ಅದರೊಳಗೆ ಸದ್ದಿಲ್ಲದೆ ಸೇರಿಕೊಳ್ಳುವ ಚಿಟಿಕೆ ಗೋಧಿಯ ಬಗ್ಗೆ.

ಒಂದು ಮಾತು ಮೊದಲೇ ಹೇಳಬೇಕು. ಬರೀ ಅನುಮಾನ ಇದ್ದು ಇನ್ನೂ ಪರೀಕ್ಷೆ ಮಾಡಿಸದಿದ್ದರೆ ಈಗಲೇ ಗೋಧಿ ಬಿಡಬೇಡಿ. ಬಿಟ್ಟ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಫಲಿತಾಂಶದಲ್ಲಿ ಕಾಣದೆ ಹೋಗಬಹುದು.

ಮೊದಲು ಡಬ್ಬಿಗಳನ್ನು ಜಾಲಾಡಿ

ಗೋಧಿ, ಬಾರ್ಲಿ (ಜವೆಗೋಧಿ), ರೈ ಎಂಬ ಗೋಧಿಯಂಥ ಧಾನ್ಯ, ಈ ಮೂರರಲ್ಲಿ ಗ್ಲುಟೆನ್‌ ಇದೆ. ಮೈದಾ, ಬಾಂಬೆ ರವೆ, ಚಿರೋಟಿ ರವೆ, ಗೋಧಿ ಶಾವಿಗೆ ಎಲ್ಲ ಗೋಧಿಯವೇ. ಇಡ್ಲಿ ರವೆ ಅಕ್ಕಿಯದು, ಅದಕ್ಕೆ ಹೆದರಬೇಕಿಲ್ಲ. ಬೇಸಿಗೆಯಲ್ಲಿ ತಂಪೆಂದು ಕುಡಿಸುವ ಬಾರ್ಲಿ ನೀರು ಬೇಡ. ಹಾಲಿಗೆ ಬೆರೆಸುವ ಮಾಲ್ಟ್‌ ಪುಡಿಗಳಲ್ಲಿ ಸಾಮಾನ್ಯವಾಗಿ ಬಾರ್ಲಿಯೋ ಗೋಧಿಯೋ ಇರುತ್ತದೆ. ಪೊಟ್ಟಣದ ಮೇಲೆ ರಾಗಿಯ ಚಿತ್ರವಿದ್ದರೂ ಹಿಂದಿನ ಸಣ್ಣ ಅಕ್ಷರ ಓದಿ. ಫಿಲ್ಟರ್‌ ಕಾಫಿ ಕುಡಿಯಬಹುದು, ಅದರ ಚಿಕೋರಿ ಒಂದು ಬೇರು. ಮನೆಯಲ್ಲಿ ಮೆಂತ್ಯದ ಹಿಟ್ಟು ಮಾಡುವವರು ಅದಕ್ಕೆ ಗೋಧಿ ಹುರಿದು ಹಾಕುತ್ತಾರೆ, ನೆನಪಿರಲಿ.

ಎಲ್ಲಕ್ಕಿಂತ ಮೋಸ ಮಾಡುವುದು ಇಂಗು. ನಾವು ಕೊಳ್ಳುವ ಡಬ್ಬಿಯ ಪುಡಿ ಇಂಗು ಶುದ್ಧ ಇಂಗಲ್ಲ. ಅಂಟು, ಹಿಟ್ಟು ಬೆರೆಸಿ ಮಾಡಿದ್ದು, ಆ ಹಿಟ್ಟು ಬಹುತೇಕ ಗೋಧಿ ಅಥವಾ ಮೈದಾ. ಸಾರು, ಚಟ್ನಿ, ಉಪ್ಪಿನಕಾಯಿ, ಮಜ್ಜಿಗೆ ಒಗ್ಗರಣೆ ಎಲ್ಲಕ್ಕೂ ಅದೇ ಬೀಳುತ್ತದೆ. ಚಪಾತಿ ಬಿಟ್ಟು ಎಷ್ಟೋ ತಿಂಗಳಾದರೂ ಹೊಟ್ಟೆನೋವು ಹೋಗದಿದ್ದರೆ ಈ ಡಬ್ಬಿಯ ಕಡೆಗೊಮ್ಮೆ ನೋಡಿ. ಅಕ್ಕಿಹಿಟ್ಟು ಬೆರೆಸಿದ ಇಂಗು ಸಿಕ್ಕರೆ ಸರಿ, ಇಲ್ಲವಾದರೆ ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ ಹಾಕಿ.

ಗಿರಣಿಯ ದಾರಿ

ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿಯನ್ನೂ ಬೀಸಿದರೆ ಗೋಧಿಹಿಟ್ಟು ಅದಕ್ಕೆ ಸೇರಿಯೇ ಸೇರುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಗ್ಲುಟೆನ್‌ರಹಿತ ಎನ್ನಲು ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಿ ಗ್ಲುಟೆನ್‌ ಇರಕೂಡದು. ಮಿತಿ ಅಷ್ಟು ಸಣ್ಣದು. ರಾಗಿಗೆಂದೇ ಬೇರೆ ಕಲ್ಲು ಇರುವ ಗಿರಣಿ ಹುಡುಕಿ. ಸಿಗದಿದ್ದರೆ ಅಕ್ಕಿ, ರಾಗಿಯನ್ನು ತೊಳೆದು, ಬಟ್ಟೆಯ ಮೇಲೆ ಒಣಗಿಸಿ, ಸ್ವಲ್ಪ ಸ್ವಲ್ಪವೇ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಜೋಳ ತಂದಾಗ ಮೊರದಲ್ಲಿ ಹರಡಿ ಗೋಧಿ ಕಾಳು ಆರಿಸಿ ತೆಗೆಯಿರಿ.

ಮನೆಯ ಉಳಿದವರಿಗೆ ಚಪಾತಿ ಆಗಬೇಕಿದ್ದರೆ ಪಥ್ಯದವರ ಅಡುಗೆ ಮೊದಲು ಮುಗಿಯಲಿ. ಮಣೆ, ಲಟ್ಟಣಿಗೆ, ಜರಡಿ ಅವರಿಗೆ ಬೇರೆಯೇ ಇರಲಿ.

ಕುಡಿಯಲು ಅಂಬಲಿ

ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಎರಡು ಲೋಟ ನೀರು ಕುದಿಯುವಾಗ ಒಂದು ಕೈಯಲ್ಲಿ ಇದನ್ನು ಹುಯ್ಯುತ್ತಾ ಇನ್ನೊಂದು ಕೈಯಲ್ಲಿ ತಿರುವುತ್ತಿರಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾಗಿ ಹೊಳಪು ಬರುವ ತನಕ, ಆರೇಳು ನಿಮಿಷ, ಸಣ್ಣ ಉರಿಯಲ್ಲಿ ಬೇಯಲಿ. ಪೂರ್ತಿ ಆರಿದ ಮೇಲೆ ಒಂದು ಲೋಟ ಮಜ್ಜಿಗೆ, ಉಪ್ಪು, ಜೀರಿಗೆ ಪುಡಿ, ಹೆಚ್ಚಿದ ಈರುಳ್ಳಿ, ಕರಿಬೇವು ಹಾಕಿ. ಬಿಸಿ ಇರುವಾಗಲೇ ಮಜ್ಜಿಗೆ ಹಾಕಿದರೆ ಒಡೆಯುತ್ತದೆ. ಇಷ್ಟು ಇಬ್ಬರಿಗೆ ಸಾಕು. ಕಾಯಿಲೆ ಗೊತ್ತಾದ ಹೊಸದರಲ್ಲಿ ಕರುಳು ಇನ್ನೂ ಮಾಗಿರುವುದಿಲ್ಲ, ಕೆಲವರಿಗೆ ಹಾಲು ಒಗ್ಗದು. ಅಂಥವರಿಗೂ ಮಜ್ಜಿಗೆ ಸಾಮಾನ್ಯವಾಗಿ ಹಗುರ. ಸುಣ್ಣದ ಅಂಶಕ್ಕೆ ರಾಗಿಯನ್ನು ಮೀರಿಸುವ ಧಾನ್ಯ ನಮ್ಮಲ್ಲಿಲ್ಲ, ಮೂಳೆ ಸವೆಯುವ ಭಯವಿರುವ ಈ ಕಾಯಿಲೆಯವರಿಗೆ ಅದು ದೊಡ್ಡ ಆಸರೆ.

ಜೋಳದ ರೊಟ್ಟಿ

ಗೋಧಿಹಿಟ್ಟು ಎಳೆದಂತೆ ಬರುವುದು ಗ್ಲುಟೆನ್‌ನಿಂದ. ಜೋಳದಲ್ಲಿ ಅದಿಲ್ಲ, ಆ ಕೆಲಸವನ್ನು ಕುದಿಯುವ ನೀರೇ ಮಾಡಬೇಕು. ಒಂದು ಬಟ್ಟಲು ಹಿಟ್ಟಿನ ನಡುವೆ ಗುಳಿ ಮಾಡಿ, ಸುಮಾರು ಅಷ್ಟೇ ನೀರನ್ನು ಮರಳಿಸಿ ಅದಕ್ಕೆ ಸುರಿಯಿರಿ. ಚಮಚದಿಂದ ಕೂಡಿಸಿ, ಕೈ ತಾಳುವಷ್ಟು ಬಿಸಿ ಇಳಿದ ಕೂಡಲೇ ಅಂಗೈ ಬುಡದಿಂದ ಒತ್ತಿ ನಾದಿ. ಅಂಚು ಸೀಳುತ್ತಿದ್ದರೆ ಇನ್ನಷ್ಟು ನಾದಬೇಕು. ಎಷ್ಟು ನಾದಿದರೂ ಜಿಗಿ ಬಾರದಿದ್ದರೆ ಹಿಟ್ಟು ಹಳೆಯದು. ಆದ್ದರಿಂದ ಹತ್ತು ದಿನಕ್ಕಾಗುವಷ್ಟೇ ಬೀಸಿಸಿ. ಜೋಳದ ಹಿಟ್ಟನ್ನೇ ಉದುರಿಸಿಕೊಂಡು ಬಡಿದು, ಹಿಟ್ಟಿನ ಮಗ್ಗುಲು ಮೇಲೆ ಬರುವಂತೆ ಕಾದ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಸವರಿ. ನೀರು ಆರುತ್ತಲೇ ತಿರುವಿ ಹಾಕಿದರೆ ರೊಟ್ಟಿ ಉಬ್ಬುತ್ತದೆ.

ಒಂದೇ ಪಾತ್ರೆಯ ಬಸ್ಸಾರು

ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬ ಕಾಳು, ಸೊಪ್ಪು ತಿನ್ನಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಹುರುಳಿ ಅಥವಾ ಹೆಸರುಕಾಳು ಬೇಯಿಸಿ, ಮುಕ್ಕಾಲು ಬೆಂದಾಗ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು ಬಸಿಯಿರಿ. ಒಂದು ಹಿಡಿ ಕಾಳು, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಧನಿಯ, ಜೀರಿಗೆ, ಹುಣಸೆ, ಸ್ವಲ್ಪ ಕಾಯಿ ರುಬ್ಬಿ ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೂ ಅನ್ನಕ್ಕೂ ಆಗುತ್ತದೆ.

ಬೆಳಗಿನ ತಿಂಡಿಗೆ ಅವಲಕ್ಕಿ, ಅಕ್ಕಿರೊಟ್ಟಿ, ನುಚ್ಚಿನುಂಡೆ, ಸಂಜೆಗೆ ಮಂಡಕ್ಕಿ, ಹೀಗೆ ಬದಲಿಸುತ್ತಾ ಹೋಗಬಹುದು.

ಹೊರಗೆ ಹೋದಾಗ

ರವೆ ಇಡ್ಲಿ, ರವೆ ದೋಸೆ, ಮೈದಾದ ಗೋಳಿಬಜೆ ಬೇಡವೇ ಬೇಡ. ಅಕ್ಕಿ ಇಡ್ಲಿ ಆಗಬಹುದು, ಆದರೆ ಸಾಂಬಾರಿನಲ್ಲಿ ಇಂಗು ಇರುತ್ತದೆ, ಚಟ್ನಿಯನ್ನೂ ಕೇಳಿಯೇ ಹಾಕಿಸಿಕೊಳ್ಳಿ. ರೊಟ್ಟಿ, ಮುದ್ದೆಗೆ ಗೋಧಿಹಿಟ್ಟು ಬೆರೆಸಿದ್ದಾರೆಯೇ ಎಂದು ನಾಚಿಕೆಪಡದೆ ವಿಚಾರಿಸಿ. ದೂರದ ಪ್ರಯಾಣಕ್ಕೆ ರಾಗಿ ಹುರಿಹಿಟ್ಟು, ಪುಡಿ ಮಾಡಿದ ಬೆಲ್ಲ ಬೇರೆ ಬೇರೆ ಡಬ್ಬಿಯಲ್ಲಿ ಕಟ್ಟಿಕೊಳ್ಳಿ. ಬಿಸಿ ಹಾಲೋ ಬಿಸಿ ನೀರೋ ಸಿಕ್ಕಲ್ಲಿ ಕಲಸಿಕೊಂಡರೆ ಆಯಿತು, ಒಲೆ ಬೇಕಿಲ್ಲ.